ಮನೆಗಳ್ಳತನ ನಡೆಯುವ ಬಗೆ ಮತ್ತು ಮನೆಯನ್ನು ಭದ್ರಪಡಿಸುವ ಕ್ರಮ: ದಾವಣಗೆರೆಯ ಮನೆಗಳನ್ನು ಮುಂದಿಟ್ಟುಕೊಂಡು

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವವರು ಮುಂಬಾಗಿಲಿಗೆ ಮಾಡುವ ಖರ್ಚು ಸಣ್ಣದಲ್ಲ. ಸಾಗುವಾನಿಯ ಚೌಕಟ್ಟು, ಕೆತ್ತನೆಯ ಕದ, ಹಿತ್ತಾಳೆಯ ಹಿಡಿ, ಅದರ ಹೊರಗೆ ಕಬ್ಬಿಣದ ಗ್ರಿಲ್ ಬಾಗಿಲು, ಗೇಟಿಗೆ ಮತ್ತೊಂದು ಬೀಗ ಇರುತ್ತವೆ. ಅದೇ ಮನೆಯನ್ನು ಒಂದು ಸುತ್ತು ಹಾಕಿ ಹಿಂಬದಿಗೆ ಹೋದರೆ, ಪಾತ್ರೆ ತೊಳೆಯುವ ಜಾಗಕ್ಕೆ ತೆರೆಯುವ ಬಾಗಿಲು ತೆಳುವಾದ ಫ್ಲಶ್ ಡೋರ್ ಆಗಿರುತ್ತದೆ, ಅದಕ್ಕೆ ಒಳಗಿನಿಂದ ಬೆರಳುದ್ದದ ಟವರ್ ಬೋಲ್ಟ್ ಒಂದೇ ಆಸರೆ. ಮಹಡಿಯ ಮೆಟ್ಟಿಲು ಮುಗಿಯುವಲ್ಲಿ ಬಚ್ಚಲುಮನೆಗೆ ಹಾಕುವಂಥ ಪಿವಿಸಿ ಬಾಗಿಲು ನಿಂತಿರುತ್ತದೆ. ಮುಂಬಾಗಿಲನ್ನು ನೋಡಿ ಒಳಗೆ ಏನಿರಬಹುದೆಂದು ಅಂದಾಜು ಮಾಡುವ ಕಳ್ಳ, ಒಳಗೆ ಬರುವುದು ಈ ಹಿಂದಿನ ಬಾಗಿಲುಗಳಿಂದ. ಆದ್ದರಿಂದ ಭದ್ರತೆಗೆಂದು ತೆಗೆದಿಟ್ಟ ಹಣದ ಮೊದಲ ಪಾಲು ಮನೆಯ ಅತ್ಯಂತ ಸಡಿಲವಾದ ಕಡೆಗೆ ಹೋಗಬೇಕು.

ಮನೆಗೆ ಕನ್ನ ಹಾಕುವವನು ನೋಡುವುದು ಮುಖ್ಯವಾಗಿ ಮೂರು ಸಂಗತಿಗಳನ್ನು: ಒಳಗೆ ಯಾರೂ ಇಲ್ಲವೇ, ಬೇಗ ಒಳಹೊಕ್ಕು ಬೇಗ ಹೊರಬರಬಹುದೇ, ಆ ಹೊತ್ತಿನಲ್ಲಿ ಯಾರ ಕಣ್ಣಿಗೂ ಬೀಳದೆ ಇರಬಹುದೇ. ಈ ಮೂರರಲ್ಲಿ ಒಂದು ಕೆಟ್ಟರೂ ಅವನು ಸಾಮಾನ್ಯವಾಗಿ ಪಕ್ಕದ ಬೀದಿಗೆ ನಡೆಯುತ್ತಾನೆ. ಯಾವ ಮನೆಯನ್ನೂ ಯಾರೂ ಒಡೆಯಲಾಗದಂತೆ ಕಟ್ಟಲು ಸಾಧ್ಯವಿಲ್ಲ. ಆದರೆ ಒಡೆಯಲು ಹೆಚ್ಚು ಹೊತ್ತು ಹಿಡಿಯುವಂತೆ, ಒಡೆದರೆ ಸದ್ದಾಗುವಂತೆ, ಸದ್ದಾದರೆ ಯಾರಾದರೂ ಬರುವಂತೆ ಮಾಡುವುದು ಬಾಡಿಗೆ ಮನೆಯಲ್ಲಿರುವವರಿಗೂ ಸಾಧ್ಯವಿದೆ.

ಕಾನೂನು ಏನನ್ನುತ್ತದೆ

ಮಾತಿನಲ್ಲಿ ನಾವು ಎಲ್ಲವನ್ನೂ ಕಳ್ಳತನ ಅಥವಾ ದರೋಡೆ ಎಂದು ಕರೆದರೂ, ಈ ಕೃತ್ಯಗಳು ಒಂದೇ ಅಲ್ಲ, ಅವುಗಳಿಗೆ ಬೇಕಾದ ಮುನ್ನೆಚ್ಚರಿಕೆಯೂ ಒಂದೇ ಅಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮು ವಾಸದ ಮನೆಯೊಳಗಿನ ಕಳವಿಗೆ ಏಳು ವರ್ಷಗಳವರೆಗೆ ಶಿಕ್ಷೆ ಹೇಳುತ್ತದೆ. ಬೀಗ ಮುರಿದು ಅಥವಾ ಕಿಟಕಿ ಕಿತ್ತು ಒಳನುಗ್ಗುವ ಕೃತ್ಯವನ್ನು, ಅಂದರೆ ಠಾಣೆಯ ಕಡತಗಳಲ್ಲಿ ಕನ್ನ ಕಳವು ಎಂದು ಬರೆಯುವುದನ್ನು, 331ನೇ ಕಲಮು ನೋಡಿಕೊಳ್ಳುತ್ತದೆ. ಕಳವಿನ ಉದ್ದೇಶದಿಂದ ಸೂರ್ಯಾಸ್ತದ ನಂತರ, ಸೂರ್ಯೋದಯದ ಮುನ್ನ ಹೀಗೆ ಒಳಹೊಕ್ಕರೆ ಶಿಕ್ಷೆ ಹದಿನಾಲ್ಕು ವರ್ಷಗಳವರೆಗೂ ಹೋಗಬಹುದು. ಹೆದರಿಸಿ, ಹೊಡೆದು ಕಿತ್ತುಕೊಂಡರೆ ಅದು 309ನೇ ಕಲಮಿನ ಸುಲಿಗೆ. ಐದು ಅಥವಾ ಹೆಚ್ಚು ಜನ ಸೇರಿ ಅದನ್ನೇ ಮಾಡಿದರೆ 310ನೇ ಕಲಮಿನ ದರೋಡೆ. ನಮ್ಮ ಊರುಗಳಲ್ಲಿ ಜನರು ಅನುಭವಿಸುವುದು ಹೆಚ್ಚಾಗಿ ಯಾರೂ ಇಲ್ಲದ ಮನೆಗೆ ಬಿದ್ದ ಕನ್ನವನ್ನು. ಈ ಬರಹದ ಬಹುಪಾಲು ಅದಕ್ಕೇ ಮೀಸಲು.

ಮನೆ ಹೇಗೆ ಗುರುತಾಗುತ್ತದೆ

ರಾತ್ರಿಯ ಕಳವಿಗೆ ಹಗಲಿನಲ್ಲೇ ಹೊಂಚು ಹಾಕಿರುತ್ತಾರೆ. ಬೀದಿಯಲ್ಲಿ ಒಮ್ಮೆ ನಡೆದು ಹೋದವನಿಗೆ ಯಾವ ಮನೆ ಖಾಲಿಯಿದೆ ಎಂದು ಹೇಳುವ ಗುರುತುಗಳು ಅನೇಕ. ಗೇಟಿನ ಹೊರಮುಖಕ್ಕೆ ನೇತಾಡುವ ದೊಡ್ಡ ಬೀಗ ಮೊದಲನೆಯದು. ಅಂಗಳದಲ್ಲಿ ಬಿದ್ದಿರುವ ಎರಡು ದಿನಗಳ ಪತ್ರಿಕೆ, ಬಾಗಿಲ ಹಿಡಿಗೆ ಸಿಕ್ಕಿಸಿಟ್ಟ ಹಾಲಿನ ಚೀಲ, ಹಗಲಿನಲ್ಲೂ ಉರಿಯುತ್ತಿರುವ ಹೊರಗಿನ ಬಲ್ಬು, ಒಣಗಿದ ತುಳಸಿ ಇವೆಲ್ಲ ನಂತರದವು. ನಮ್ಮಲ್ಲಿ ಇನ್ನೊಂದು ಗುರುತಿದೆ, ಅದನ್ನು ಹೊರಗಿನವರು ಗಮನಿಸಲಿಕ್ಕಿಲ್ಲ, ಆದರೆ ಕಳ್ಳ ಗಮನಿಸುತ್ತಾನೆ. ಬೆಳಿಗ್ಗೆ ಏಳು ಗಂಟೆಗೆ ನಿಟುವಳ್ಳಿಯ ಅಥವಾ ವಿನೋಬನಗರದ ಒಂದು ಅಡ್ಡರಸ್ತೆಯಲ್ಲಿ ನಿಂತು ನೋಡಿದರೆ, ಸಾಲಾಗಿ ಎಲ್ಲ ಮನೆಗಳ ಮುಂದೆಯೂ ನೀರು ಹಾಕಿ ರಂಗೋಲಿ ಎಳೆದಿರುತ್ತದೆ. ಒಂದು ಮನೆಯ ಮುಂದೆ ಮಾತ್ರ ಮೊನ್ನೆಯ ರಂಗೋಲಿ ಅರ್ಧ ಅಳಿಸಿ, ಅದರ ಮೇಲೆ ಬೇವಿನ ಎಲೆ ಉದುರಿಕೊಂಡಿರುತ್ತದೆ. ಬೀಗ ಕಾಣದಿದ್ದರೂ ಆ ಮನೆಯವರು ಊರಲ್ಲಿಲ್ಲ ಎಂಬುದು ಇಡೀ ಬೀದಿಗೆ ಗೊತ್ತಾಗಿಬಿಡುತ್ತದೆ.

ಹಾಡಹಗಲಿನ ಕಳವಿನ ಲೆಕ್ಕವೇ ಬೇರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ, ಮಕ್ಕಳು ಶಾಲೆಗೆ ಹೋಗುವ ಮನೆಗಳು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನಿತ್ಯವೂ ಖಾಲಿ ಇರುತ್ತವೆ, ಮತ್ತು ಆ ವೇಳೆಯಲ್ಲಿ ಬಾಗಿಲು ಬಡಿದು ವಿಳಾಸ ಕೇಳುವವನನ್ನು ಯಾರೂ ಅನುಮಾನಿಸುವುದಿಲ್ಲ. ವಿದ್ಯಾನಗರದಂಥ ವಿದ್ಯಾರ್ಥಿಗಳಿರುವ ಪ್ರದೇಶಗಳ ಕೊಠಡಿಗಳಲ್ಲಿ ಬೀಗ ಒಡೆಯುವ ಶ್ರಮವೂ ಬೇಕಾಗುವುದಿಲ್ಲ. ಬೆಳಗಿನ ಜಾವ ಓದುತ್ತಾ ಬಾಗಿಲು ತೆರೆದಿಟ್ಟು ನಿದ್ದೆ ಹೋದವರ ಲ್ಯಾಪ್‌ಟಾಪ್ ಮತ್ತು ಮೊಬೈಲು ಕ್ಷಣದಲ್ಲಿ ಹೋಗುತ್ತವೆ. ಮಕ್ಕಳನ್ನು ಓದಲು ಇಲ್ಲಿಗೆ ಕಳಿಸಿರುವ ತಂದೆತಾಯಿಗಳು ಈ ಒಂದು ಮಾತನ್ನು ಅವರಿಗೆ ಒತ್ತಿ ಹೇಳಬೇಕು.

ಋತುಮಾನವೂ ಇದೆ. ಮದುವೆಯ ತಿಂಗಳುಗಳು, ಬೇಸಿಗೆ ರಜೆ, ದಸರಾ ಮತ್ತು ದೀಪಾವಳಿಯ ದಿನಗಳಲ್ಲಿ ಮನೆಗಳು ಖಾಲಿಯಾಗುತ್ತವೆ, ಅದೇ ಸಮಯಕ್ಕೆ ಬ್ಯಾಂಕಿನ ಲಾಕರಿನಿಂದ ಒಡವೆ ಮನೆಗೆ ಬಂದಿರುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ನಗರದೇವತೆ ದುಗ್ಗಮ್ಮನ ಜಾತ್ರೆಯಲ್ಲಿ ಮನೆ ತುಂಬ ನೆಂಟರಿರುತ್ತಾರೆಂಬುದು ನಿಜ, ಆದರೆ ಎಲ್ಲರೂ ಒಟ್ಟಿಗೆ ಗುಡಿಗೆ ಹೊರಟ ರಾತ್ರಿ ಮನೆ ಕಾಯುವವರು ಯಾರೆಂದು ಮೊದಲೇ ಮಾತಾಡಿಕೊಂಡಿರುವುದಿಲ್ಲ. ಚನ್ನಗಿರಿ, ಹೊನ್ನಾಳಿ ಕಡೆಯ ತೋಟದ ಮನೆಗಳಿಗೆ ಅಡಿಕೆ ಸುಗ್ಗಿಯೇ ಅಪಾಯದ ಕಾಲ. ಬೇಯಿಸಿ ಒಣಗಿಸಿದ ಅಡಿಕೆಯ ಚೀಲಗಳನ್ನು ಒಂಟಿ ಮನೆಯ ಪಡಸಾಲೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳುವುದಕ್ಕಿಂತ ಸಹಕಾರ ಸಂಘದ ಗೋದಾಮಿಗೆ ಸಾಗಿಸುವುದು, ಮಾರಿದ ಹಣವನ್ನು ನಗದಾಗಿ ತರದೆ ಖಾತೆಗೇ ಹಾಕಿಸಿಕೊಳ್ಳುವುದು ಒಳ್ಳೆಯದು.

ಬಾಗಿಲು, ಕೊಂಡಿ, ಬೀಗ

ಕಳವಾದ ಮನೆಯ ಬಾಗಿಲನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಅನೇಕ ಸಲ ಬೀಗ ಮುರಿದಿರುವುದೇ ಇಲ್ಲ. ಸಾವಿರಾರು ರೂಪಾಯಿಯ ಬೀಗ ಹಾಕಿದ ಹಾಗೆಯೇ ಇದ್ದು, ಅದನ್ನು ಹಿಡಿದಿದ್ದ ಕೊಂಡಿ ಚೌಕಟ್ಟಿನಿಂದ ಕಿತ್ತು ಬಂದಿರುತ್ತದೆ. ಅದರ ಹಿಂದೆ ನಾಲ್ಕು ಸಣ್ಣ ಸ್ಕ್ರೂಗಳು, ಅವುಗಳ ಸುತ್ತ ಸೀಳಿದ ಮರದ ಚೂರು ಕಾಣುತ್ತವೆ. ಕಳ್ಳ ಬೀಗದ ಒಳಗಿನ ಯಂತ್ರದೊಂದಿಗೆ ಗುದ್ದಾಡುವುದಿಲ್ಲ. ಒಂದು ಕಬ್ಬಿಣದ ರಾಡನ್ನು ಆಲ್‌ಡ್ರಾಪಿನ, ಅಂದರೆ ಹೊರಗಿನಿಂದ ಸರಿಸಿ ಬೀಗ ಹಾಕುವ ಕಬ್ಬಿಣದ ಚಿಲಕದ, ಸಂದಿಗೆ ತೂರಿಸಿ ತನ್ನ ಮೈಭಾರ ಹಾಕಿ ಎತ್ತುತ್ತಾನೆ, ಮುಕ್ಕಾಲು ಇಂಚಿನ ಸ್ಕ್ರೂ ಆ ಎಳೆತಕ್ಕೆ ನಿಲ್ಲುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಬಡಗಿಯನ್ನು ಕರೆಸಿ ಕೊಂಡಿ ಮತ್ತು ಆಲ್‌ಡ್ರಾಪುಗಳನ್ನು ಬಿಚ್ಚಿಸಿ, ಕದದ ಆಚೆಯಿಂದ ಈಚೆಗೆ ಹಾಯುವ ನಟ್ಟು ಬೋಲ್ಟು ಹಾಕಿಸುವುದು. ನಟ್ಟು ಮನೆಯ ಒಳಗಡೆ ಬರಬೇಕು, ಅದರ ಕೆಳಗೆ ಅಗಲವಾದ ಕಬ್ಬಿಣದ ಪಟ್ಟಿ ಇರಬೇಕು, ಹೊರಗಿನ ತಲೆ ಸ್ಪ್ಯಾನರಿಗೆ ಸಿಗದ ಗುಂಡು ತಲೆಯಾಗಿರಬೇಕು. ಚೌಕಟ್ಟಿಗೆ ಹೊಡೆಯುವ ಸ್ಕ್ರೂ ಉದ್ದವಾಗಿದ್ದಷ್ಟೂ ಅದು ಮರವನ್ನು ಆಳವಾಗಿ ಹಿಡಿಯುತ್ತದೆ. ಈ ಕೆಲಸಕ್ಕೆ ಬೇಕಾದ ಸಾಮಾನು ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ, ಬಡಗಿಯ ಕೂಲಿ ಸೇರಿದರೂ ಖರ್ಚು ಒಂದು ಕ್ಯಾಮೆರಾದ ಬೆಲೆಗಿಂತ ಕಡಿಮೆ. ನನ್ನನ್ನು ಕೇಳಿದರೆ, ಇಡೀ ಮನೆಯ ಭದ್ರತೆಗೆ ಮಾಡುವ ಖರ್ಚುಗಳಲ್ಲಿ ಅತಿ ಹೆಚ್ಚು ಪ್ರಯೋಜನ ಕೊಡುವುದು ಇದೇ.

ಹೊರಗೆ ನೇತುಹಾಕುವ ಬೀಗಕ್ಕಿಂತ ಕದದೊಳಗೇ ಅಡಗಿರುವ ಬೀಗ ಲೇಸು, ಏಕೆಂದರೆ ಅದು ಹಾಕಿದೆಯೋ ಇಲ್ಲವೋ ಎಂಬುದು ರಸ್ತೆಯಿಂದ ಕಾಣುವುದಿಲ್ಲ. ಬಾಗಿಲು ಎಳೆದ ಕೂಡಲೇ ತಾನಾಗಿ ಬೀಳುವ ನಾಲಗೆ ಮಾತ್ರ ಇರುವ ಲಾಕನ್ನು ತೆಳುವಾದ ತಗಡಿನಿಂದಲೂ ಸರಿಸಬಹುದು. ಕೀಲಿ ತಿರುಗಿಸಿದಾಗ ಉದ್ದವಾದ ಚೌಕ ಬೋಲ್ಟು ಚೌಕಟ್ಟಿನೊಳಗೆ ಹೋಗಿ ಕೂರುವಂಥದ್ದನ್ನು ಆರಿಸಬೇಕು. ಕದದ ತಿರುಗಣಿಗಳು ಹೊರಗಡೆಗಿದ್ದರೆ ಅವುಗಳ ಕಡ್ಡಿಯನ್ನು ಬಡಿದು ತೆಗೆದು ಇಡೀ ಕದವನ್ನೇ ಕಳಚಬಹುದು. ಅಂಥ ಕಡೆ ಕಡ್ಡಿಯ ತುದಿಗೆ ವೆಲ್ಡಿಂಗ್ ಮಾಡಿಸಿಬಿಡುವುದು ಸುಲಭ ಪರಿಹಾರ.

ಇಷ್ಟನ್ನು ಮುಂಬಾಗಿಲಿಗೆ ಮಾಡಿಸಿ ಹಿಂಬಾಗಿಲನ್ನು ಹಾಗೇ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಹಿತ್ತಲ ಬಾಗಿಲಿಗೆ ಒಳಗಿನಿಂದ ಒಂದು ಅಡ್ಡಪಟ್ಟಿ, ಅಂದರೆ ಎರಡೂ ಬದಿಯ ಗೋಡೆಗೆ ಹೂತ ಕೊಂಡಿಗಳ ಮೇಲೆ ಕೂರುವ ಕಬ್ಬಿಣದ ಅಥವಾ ಗಟ್ಟಿ ಮರದ ಅಗುಳಿ, ಹಾಕಿಸಬೇಕು. ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ಗೋಡೆಯೊಳಕ್ಕೆ ಸರಿಯುವ ಮರದ ಅಗುಳಿ ಇರುತ್ತಿತ್ತು, ಹೊಸ ಮನೆ ಕಟ್ಟುವವರು ಅದನ್ನು ಕೈಬಿಟ್ಟದ್ದು ದೊಡ್ಡ ನಷ್ಟವೆಂದೇ ನಾನು ಭಾವಿಸುತ್ತೇನೆ. ಮಹಡಿಯ ಮೇಲಿನ ಪಿವಿಸಿ ಬಾಗಿಲ ಒಳಗೆ ಒಂದು ಸಾದಾ ಕಬ್ಬಿಣದ ಗ್ರಿಲ್ ಬಾಗಿಲು ನಿಲ್ಲಿಸಬೇಕು.

ಕೀಲಿಯ ವಿಷಯ. ಚಪ್ಪಲಿ ಗೂಡು, ಹೂಕುಂಡ, ಮೀಟರ್ ಪೆಟ್ಟಿಗೆ, ತುಳಸಿ ಕಟ್ಟೆ, ಕಿಟಕಿಯ ಮೂಲೆ, ಗಾಡಿಯ ಡಿಕ್ಕಿ: ಕೀಲಿ ಬಚ್ಚಿಡುವ ಈ ಜಾಗಗಳು ಎಲ್ಲ ಮನೆಗಳಲ್ಲೂ ಒಂದೇ, ಅವು ಕಳ್ಳನಿಗೂ ಗೊತ್ತು. ಕೀಲಿ ತೆಗೆದು ಒಳಹೋಗಿ, ಕೆಲಸ ಮುಗಿಸಿ, ಮತ್ತೆ ಅಲ್ಲಿಯೇ ಇಟ್ಟು ಹೋದ ಪ್ರಕರಣದಲ್ಲಿ ಬೀಗ ಒಡೆದ ಕುರುಹೇ ಇರುವುದಿಲ್ಲ. ಆಗ ಅನುಮಾನ ಮನೆಗೆಲಸದವರ ಮೇಲೋ ಸಂಬಂಧಿಕರ ಮೇಲೋ ಬಿದ್ದು ಸಂಬಂಧಗಳು ಹಾಳಾಗುತ್ತವೆ, ವಿಮೆಯವರೂ ಪ್ರಶ್ನೆ ಎತ್ತುತ್ತಾರೆ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಕೀಲಿ ಮಾಡಿಸಿಕೊಡಿ, ಹೆಚ್ಚಿನದೊಂದನ್ನು ನಂಬಿಕೆಯ ನೆರೆಮನೆಯಲ್ಲಿಡಿ. ಬಾಡಿಗೆ ಮನೆಗೆ ಹೊಸದಾಗಿ ಬಂದವರು ಮಾಲೀಕರನ್ನು ಕೇಳಿ ಬೀಗವನ್ನೇ ಬದಲಿಸಿಕೊಳ್ಳಬೇಕು, ಹಿಂದಿನವರ ಬಳಿ ಎಷ್ಟು ಕೀಲಿಗಳಿದ್ದವೆಂದು ಯಾರಿಗೂ ತಿಳಿದಿರುವುದಿಲ್ಲ.

ಕಿಟಕಿ, ಕ್ಯಾಮೆರಾ ಮತ್ತು ನ್ಯಾಮತಿಯ ಪಾಠ

2024ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ಜಿಲ್ಲೆಯ ನ್ಯಾಮತಿಯ ಎಸ್‌ಬಿಐ ಶಾಖೆಯಿಂದ ಜನರು ಅಡವಿಟ್ಟಿದ್ದ 17 ಕೆ.ಜಿ.ಗೂ ಹೆಚ್ಚು ಬಂಗಾರ ಕಳವಾಯಿತು. ಅದು ಬ್ಯಾಂಕಿನ ಪ್ರಕರಣವಾದರೂ ಮನೆ ಮಾಲೀಕರು ಅದನ್ನು ಗಮನವಿಟ್ಟು ಓದಬೇಕು. ಒಳನುಗ್ಗಿದ್ದು ಬಾಗಿಲಿನಿಂದಲ್ಲ, ಕಿಟಕಿಯ ಕಬ್ಬಿಣದ ಗ್ರಿಲ್ ತೆಗೆದು. ಒಳಗೆ ಲಾಕರನ್ನು ಗ್ಯಾಸ್ ಕಟರಿನಿಂದ ಕತ್ತರಿಸಲಾಗಿತ್ತು, ಹೋಗುವಾಗ ಖಾರದ ಪುಡಿ ಚೆಲ್ಲಲಾಗಿತ್ತು, ಕ್ಯಾಮೆರಾದ ದೃಶ್ಯ ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನೇ ಹೊತ್ತೊಯ್ಯಲಾಗಿತ್ತು. 2025ರ ಮಾರ್ಚ್ ಹೊತ್ತಿಗೆ ದಾವಣಗೆರೆ ಪೊಲೀಸರು ಪ್ರಕರಣವನ್ನು ಭೇದಿಸಿ, ಬಂಗಾರದ ಬಹುಪಾಲನ್ನು ತಮಿಳುನಾಡಿನ ಮಧುರೆ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಿಂದ ಮೇಲೆತ್ತಿದರು. ಪೊಲೀಸರು ಹೇಳಿದಂತೆ ಮುಖ್ಯ ಆರೋಪಿ ನ್ಯಾಮತಿಯಲ್ಲೇ ಬೇಕರಿ ನಡೆಸುತ್ತಿದ್ದವನು, ಅದೇ ಶಾಖೆಯಲ್ಲಿ ಅವನ ಸಾಲದ ಅರ್ಜಿ ತಿರಸ್ಕೃತವಾಗಿತ್ತು, ಸಿದ್ಧತೆ ತಿಂಗಳುಗಟ್ಟಲೆ ನಡೆದಿತ್ತು.

ಈ ಪ್ರಕರಣದಲ್ಲಿ ಮನೆಗಳಿಗೆ ಅನ್ವಯಿಸುವ ಮಾತುಗಳು ಎರಡು. ಮೊದಲನೆಯದು ಕಿಟಕಿ. ಹೊಸ ಮನೆಗಳ ಸರಿಯುವ ಗಾಜಿನ ಕಿಟಕಿಗಳಿಗೆ ಹೊರಗಿನಿಂದ ಸ್ಕ್ರೂ ಹಾಕಿ ಕೂರಿಸಿದ ತೆಳು ಗ್ರಿಲ್ ಇದ್ದರೆ, ಒಂದು ಸ್ಕ್ರೂಡ್ರೈವರ್ ಸಾಕು. ಗ್ರಿಲ್‌ನ ಕಾಲುಗಳನ್ನು ಗೋಡೆಯೊಳಕ್ಕೆ ಹೂತು ಸಿಮೆಂಟು ಹಾಕಿಸಬೇಕು, ಸರಳುಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಅಂತರ ಇರಬಾರದು. ಬಚ್ಚಲುಮನೆಯ ವೆಂಟಿಲೇಟರಿನ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಜಾರಿಸಿ ತೆಗೆಯಬಹುದು, ಅದಕ್ಕೂ ಒಳಗಿನಿಂದ ಸರಳು ಬೇಕು. ಹಳ್ಳಿಯ ಮಾಳಿಗೆ ಮನೆಗಳ ಬೆಳಕಿಂಡಿಗೂ, ಹೆಂಚಿನ ಮನೆಯ ಅಟ್ಟಕ್ಕೂ ಇದೇ ಮಾತು. ಆದರೆ ಒಂದು ಎಚ್ಚರಿಕೆ ಅಗತ್ಯ. ಬೆಂಕಿ ಬಿದ್ದಾಗ ಹೊರಬರಲು ದಾರಿಯೇ ಇಲ್ಲದಂತೆ ಮನೆಯನ್ನು ಮುಚ್ಚಬಾರದು. ಮಲಗುವ ಕೋಣೆಯ ಒಂದು ಕಿಟಕಿಯ ಗ್ರಿಲ್ ಒಳಗಿನ ಬೀಗದಿಂದ ತೆರೆಯುವಂತಿರಲಿ, ಅದರ ಕೀಲಿ ಎಲ್ಲಿದೆ ಎಂಬುದು ಮಕ್ಕಳಿಗೂ ಅಜ್ಜಿಗೂ ತಿಳಿದಿರಲಿ.

ಎರಡನೆಯದು ಕ್ಯಾಮೆರಾದ ಮಿತಿ. ಟಿ.ವಿ. ಪಕ್ಕದಲ್ಲೇ ಮಿನುಗುತ್ತಿರುವ ಡಿವಿಆರ್ ಕಳ್ಳನ ಕೈಗೆ ಮೊದಲು ಸಿಗುವ ವಸ್ತು. ಅದನ್ನು ಅಟ್ಟದ ಮೇಲೆ ಅಥವಾ ಬೀಗವಿರುವ ಗೂಡಿನಲ್ಲಿ ಇಡಬೇಕು, ಇಲ್ಲವೇ ದೃಶ್ಯ ಮನೆಯ ಹೊರಗೆ, ಇಂಟರ್ನೆಟ್ ಮೂಲಕ, ದಾಖಲಾಗುವ ಕ್ಯಾಮೆರಾ ಕೊಳ್ಳಬೇಕು. ಒಂದು ಕ್ಯಾಮೆರಾವಾದರೂ ಬರುವವನ ಮುಖ ಕಾಣುವಷ್ಟು ತಗ್ಗಿನಲ್ಲಿರಲಿ; ಸಜ್ಜದ ಮೇಲಿನಿಂದ ತೆಗೆದ ದೃಶ್ಯದಲ್ಲಿ ಟೋಪಿ ಮಾತ್ರ ಕಾಣುತ್ತದೆ. ವಿದ್ಯುತ್ ಹೋದಾಗಲೂ ನಡೆಯುವಂತೆ ಯುಪಿಎಸ್ ಸಂಪರ್ಕ ಕೊಡಿಸಿ. ಕೂರಿಸಿಕೊಟ್ಟವರು ಹಾಕಿದ ಪಾಸ್‌ವರ್ಡನ್ನು ಅಂದೇ ಬದಲಿಸಿ, ಇಲ್ಲದಿದ್ದರೆ ನಿಮ್ಮ ಮನೆ ಖಾಲಿಯಿರುವುದನ್ನು ಬೇರೆಯವರೂ ನೋಡಬಹುದು. ನೆರೆಯವರ ಅಂಗಳ, ಕಿಟಕಿಗಳತ್ತ ಕ್ಯಾಮೆರಾ ತಿರುಗಿಸಬೇಡಿ. ಇಷ್ಟೆಲ್ಲ ಮಾಡಿದರೂ ಕ್ಯಾಮೆರಾ ನಡೆದದ್ದನ್ನು ಹೇಳುತ್ತದೆ, ನಡೆಯುವುದನ್ನು ತಡೆಯುವುದು ಕಡಿಮೆ. ಬಾಗಿಲು ತೆರೆದೊಡನೆ ಕೂಗುವ ಸಣ್ಣ ಅಲಾರಂ, ಯಾರಾದರೂ ಓಡಾಡಿದರೆ ತಾನಾಗಿ ಹೊತ್ತಿಕೊಳ್ಳುವ ದೀಪ ಇವು ಅಗ್ಗವಾಗಿದ್ದೂ ಕಳ್ಳನನ್ನು ಆ ಕ್ಷಣದಲ್ಲೇ ಅಳುಕಿಸುತ್ತವೆ.

ಕೆಲವರು ಗ್ರಿಲ್‌ಗೋ ಬೇಲಿಗೋ ವಿದ್ಯುತ್ ಹರಿಸುತ್ತಾರೆ. ಇದನ್ನು ಖಂಡಿತವಾಗಿ ಮಾಡಬಾರದು. ಅದಕ್ಕೆ ಸಿಕ್ಕಿ ಸಾಯುವುದು ಚೆಂಡು ತರಲು ಬಂದ ಮಗುವೋ ಮನೆಯವರೋ ಆಗಬಹುದು, ಯಾರೇ ಸತ್ತರೂ ಮಾಲೀಕರು ಕ್ರಿಮಿನಲ್ ಪ್ರಕರಣ ಎದುರಿಸಬೇಕಾಗುತ್ತದೆ.

ಬಂಗಾರವನ್ನು ಎಲ್ಲಿಡಬೇಕು

ಮನೆಯ ಬೀರುವಿನ ಒಳಗಿನ ಚಿಕ್ಕ ಲಾಕರು ಮಕ್ಕಳಿಂದ ಕಾಪಾಡುತ್ತದೆ, ಕಳ್ಳರಿಂದ ಕಾಪಾಡುವುದಿಲ್ಲ. ತಗಡಿನ ಬಾಗಿಲನ್ನು ರಾಡಿನಿಂದ ಬಗ್ಗಿಸಲು ಹೆಚ್ಚು ಹೊತ್ತು ಬೇಕಾಗಿಲ್ಲ, ಅದರ ಕೀಲಿ ಅದೇ ಬೀರುವಿನ ಸೀರೆಗಳ ಕೆಳಗೆ ಇರುವುದಂತೂ ಸಾಮಾನ್ಯ. ಅಕ್ಕಿ ಡಬ್ಬಿ, ದೇವರ ಮನೆ, ಹಾಸಿಗೆಯ ಅಡಿ ಎಲ್ಲವನ್ನೂ ಕಳ್ಳರು ಕೆದಕಿ ನೋಡುತ್ತಾರೆ. ನಿತ್ಯ ಧರಿಸದ ಒಡವೆ ಬ್ಯಾಂಕಿನ ಲಾಕರಿನಲ್ಲಿರಬೇಕು. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಹೊರಡಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ಸೂಚನೆಗಳ ಪ್ರಕಾರ, ಬೆಂಕಿ, ಕಳವು, ದರೋಡೆ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರಿನ ವಸ್ತು ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಇರುತ್ತದೆ. ವರ್ಷಕ್ಕೆ 3,000 ರೂಪಾಯಿ ಬಾಡಿಗೆಯಿದ್ದರೆ ಮಿತಿ ಮೂರು ಲಕ್ಷ. ಈಗಿನ ಬಂಗಾರದ ಬೆಲೆಗೆ ಅದು ಸಾಲದು, ಆದ್ದರಿಂದ ಒಡವೆಗೆ ಪ್ರತ್ಯೇಕ ವಿಮೆಯ ಯೋಚನೆಯನ್ನೂ ಮಾಡಬೇಕು. ಮನೆಯ ವಿಮೆ ಮಾಡಿಸುವಾಗ, ಬಲವಂತದಿಂದ ಒಳನುಗ್ಗಿದ ಕುರುಹು ಇದ್ದರೆ ಮಾತ್ರ ಪರಿಹಾರವೇ, ಎಷ್ಟು ದಿನ ಸತತವಾಗಿ ಬೀಗ ಹಾಕಿದ್ದರೆ ವಿಮೆ ಅನ್ವಯಿಸುವುದಿಲ್ಲ, ಒಡವೆಗೆ ಮಿತಿ ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲೇ ಉತ್ತರ ಪಡೆಯಿರಿ.

ಇಂದೇ ಮಾಡಬಹುದಾದ ಒಂದು ಕೆಲಸವಿದೆ. ಪ್ರತಿಯೊಂದು ಒಡವೆಯನ್ನೂ ಬಿಳಿ ಬಟ್ಟೆಯ ಮೇಲಿಟ್ಟು ಫೋಟೊ ತೆಗೆದು, ತೂಕ ಬರೆದು, ರಸೀದಿಯ ಫೋಟೊದೊಂದಿಗೆ ಊರಿನ ಆಚೆಯಿರುವ ಮಗಳಿಗೋ ಅಣ್ಣನಿಗೋ ಕಳಿಸಿಡಿ. 2023ರ ಏಪ್ರಿಲ್ 1ರಿಂದ ಮಾರಾಟವಾಗುವ ಹಾಲ್‌ಮಾರ್ಕ್ ಒಡವೆಗಳ ಮೇಲೆ ಆರು ಅಕ್ಷರ ಮತ್ತು ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರಲೇಬೇಕು. ಅದು ಪ್ರತಿ ಒಡವೆಗೂ ಬೇರೆಯೇ ಆದ್ದರಿಂದ, ಸಿಕ್ಕ ಮಾಲು ನಿಮ್ಮದೇ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಅಜ್ಜಿಯ ಕಾಲದ ಸರಕ್ಕೆ ಆ ಸಂಖ್ಯೆ ಇರುವುದಿಲ್ಲ, ಅಂಥದ್ದಕ್ಕೆ ಕೊಂಡಿಯ ಬೆಸುಗೆ, ಸವೆದ ಗುಂಡು, ಹಿಂಬದಿಯ ಅಕ್ಕಸಾಲಿಯ ಗುರುತು ಇವುಗಳ ಹತ್ತಿರದ ಫೋಟೊ ಬೇಕು. ಮೊಬೈಲಿನಲ್ಲಿ *#06# ಒತ್ತಿ ಬರುವ ಐಎಂಇಐ ಸಂಖ್ಯೆಯನ್ನೂ ಬರೆದಿಡಿ, ಕಳವಾದಾಗ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಮೂಲಕ ಅದನ್ನು ತಡೆಹಿಡಿಸಬಹುದು.

ಊರಿಗೆ ಹೋಗುವಾಗ

ಹೊರಡುವ ಮುನ್ನ ಪತ್ರಿಕೆಯನ್ನೂ ಹಾಲನ್ನೂ ನಿಲ್ಲಿಸಿ. ಪಕ್ಕದ ಮನೆಯವರಿಗೆ ಹೋಗುವ ದಿನ, ಬರುವ ದಿನ ತಿಳಿಸಿ, ನಿಮ್ಮ ಅಂಗಳಕ್ಕೂ ಎರಡು ಬಿಂದಿಗೆ ನೀರು ಹಾಕಿ ಒಂದೆಳೆ ರಂಗೋಲಿ ಬಿಡುವಂತೆ ಕೇಳಿಕೊಳ್ಳಿ. ಬೇರೆ ಯಾವ ಯಂತ್ರವೂ ಮಾಡದ ಕೆಲಸವನ್ನು ಆ ರಂಗೋಲಿ ಮಾಡುತ್ತದೆ. ಅವರ ಗಾಡಿಯನ್ನು ನಿಮ್ಮ ಗೇಟಿನೊಳಗೆ ನಿಲ್ಲಿಸಿಕೊಳ್ಳಲು ಹೇಳಬಹುದು. ಗೇಟಿನ ಬೀಗವನ್ನು ಒಳಮುಖವಾಗಿ ಹಾಕಿ. ಒಳಗಿನ ಒಂದು ದೀಪಕ್ಕೆ ಟೈಮರ್ ಜೋಡಿಸಿ, ಸಂಜೆ ಹೊತ್ತಿ ರಾತ್ರಿ ಹತ್ತರ ಹೊತ್ತಿಗೆ ಆರುವಂತೆ ಮಾಡಿ. ಏಣಿ, ಹಾರೆ, ಗುದ್ದಲಿಗಳನ್ನು ಹಿತ್ತಲಲ್ಲಿ ಬಿಡಬೇಡಿ, ಕಳ್ಳ ತನ್ನ ಸಾಮಾನು ತರುವ ಅಗತ್ಯವೇ ಬೀಳುವುದಿಲ್ಲ. ಪ್ರವಾಸದ ಫೋಟೊಗಳನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಮರಳಿದ ಮೇಲೆ ಹಾಕಿದರೂ ಅವು ಅಷ್ಟೇ ಚೆನ್ನಾಗಿರುತ್ತವೆ.

ಹೆಚ್ಚು ದಿನ ಹೋಗುವುದಿದ್ದರೆ ನಿಮ್ಮ ಠಾಣೆಗೆ, ಅದು ಬಡಾವಣೆ ಠಾಣೆಯಿರಲಿ, ವಿದ್ಯಾನಗರವಿರಲಿ, ಕೆಟಿಜೆ ನಗರವಿರಲಿ, ವಿಳಾಸ ಮತ್ತು ದಿನಾಂಕಗಳನ್ನು ತಿಳಿಸಿ, ಬೀಟ್ ಸಿಬ್ಬಂದಿ ರಾತ್ರಿ ಗಸ್ತಿನಲ್ಲಿ ಒಮ್ಮೆ ಅತ್ತ ಕಣ್ಣು ಹಾಯಿಸುವಂತೆ ಕೋರಬಹುದು. ನಿಮ್ಮ ಬೀದಿಯ ಬೀಟ್ ಪೊಲೀಸ್ ಯಾರೆಂದು ತಿಳಿದಿಟ್ಟುಕೊಳ್ಳುವುದು ಎಲ್ಲ ಕಾಲಕ್ಕೂ ಒಳ್ಳೆಯದು.

ನೆರೆಹೊರೆಯ ಎಚ್ಚರದ ಬಗ್ಗೆ ಮಾತಾಡುವಾಗ ಒಂದು ಕಾಳಜಿಯನ್ನೂ ಹೇಳಬೇಕಾಗಿದೆ. ಕಳವಾದ ಮರುದಿನ ಬಡಾವಣೆಯ ಗುಂಪುಗಳಲ್ಲಿ ಬಟ್ಟೆ ಮಾರಲು ಬಂದವರ, ಊರೂರು ಅಲೆಯುವ ಸಮುದಾಯದವರ ಫೋಟೊಗಳು ಹರಿದಾಡತೊಡಗುತ್ತವೆ. ಬ್ರಿಟಿಷರು 1871ರ ಕಾಯ್ದೆಯಿಂದ ಇಡೀ ಬುಡಕಟ್ಟುಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿದ್ದರು, ಸ್ವತಂತ್ರ ಭಾರತ 1952ರಲ್ಲಿ ಅದನ್ನು ರದ್ದುಪಡಿಸಿತು. ಜಾತಿ ಮತ್ತು ವೇಷ ನೋಡಿ ಅನುಮಾನಿಸುವುದು ಅನ್ಯಾಯ, ಮತ್ತು ನಿಜವಾದ ಕಳ್ಳನಿಗೆ ಅನುಕೂಲ. ಗಮನಿಸಬೇಕಾದ್ದು ನಡವಳಿಕೆಯನ್ನು: ಒಂದೇ ಮನೆಯ ಮುಂದೆ ಮತ್ತೆ ಮತ್ತೆ ನಿಲ್ಲುವ ಗಾಡಿ, ನಂಬರ್ ಪ್ಲೇಟ್ ಮುಚ್ಚಿದ ಬೈಕು, ಸರದಿಯಂತೆ ಕರೆಗಂಟೆ ಒತ್ತಿ ಯಾರೂ ಬಾರದ ಮನೆಯನ್ನು ಗುರುತಿಟ್ಟುಕೊಳ್ಳುವವರು. ಅಂಥದ್ದು ಕಂಡರೆ ಗಾಡಿಯ ಸಂಖ್ಯೆ ಬರೆದುಕೊಂಡು 112ಕ್ಕೆ ತಿಳಿಸಿ. ಸಿಕ್ಕವರನ್ನು ಕಟ್ಟಿಹಾಕಿ ಹೊಡೆಯುವುದು ಅಪರಾಧ.

ಮನೆಯಲ್ಲಿರುವಾಗಲೇ ಬಂದರೆ

ರಾತ್ರಿ ಸದ್ದು ಕೇಳಿ ಎಚ್ಚರವಾದರೆ ಕೋಣೆಯಿಂದ ಹೊರಗೆ ಬರಬೇಡಿ. ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ದೀಪ ಹಚ್ಚಿ, 112ಕ್ಕೆ ಕರೆ ಮಾಡಿ, ಕಿಟಕಿಯಿಂದ ನೆರೆಯವರನ್ನು ಕೂಗಿ. ಆದ್ದರಿಂದಲೇ ಮಲಗುವ ಕೋಣೆಗೆ ಗಟ್ಟಿ ಚಿಲಕ ಮತ್ತು ಹಾಸಿಗೆಯ ಪಕ್ಕದಲ್ಲಿ ಫೋನು ಇರಬೇಕು. ಎದುರಾಬದುರಾ ಸಿಕ್ಕರೆ, ಆಯುಧ ಕಂಡರೆ, ಕೇಳಿದ್ದನ್ನು ಕೊಟ್ಟುಬಿಡಿ. ಎತ್ತರ, ಮಾತಿನ ಧಾಟಿ, ನಡಿಗೆ, ಚಪ್ಪಲಿಯನ್ನು ನೆನಪಿಟ್ಟುಕೊಳ್ಳಿ. ಆತ್ಮರಕ್ಷಣೆಯ ಹಕ್ಕನ್ನು ಕಾನೂನು ಕೊಟ್ಟಿದೆ, ಆದರೆ ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡಲು ಆ ಹಕ್ಕು ಒಪ್ಪುವುದಿಲ್ಲ, ಓಡಿಹೋಗುತ್ತಿರುವವನನ್ನು ಬೆನ್ನಟ್ಟಿ ಹೊಡೆಯುವುದು ಅದರಲ್ಲಿ ಸೇರುವುದಿಲ್ಲ. ವಯಸ್ಸಾದವರು ಒಂಟಿಯಾಗಿರುವ ಮನೆಗಳಲ್ಲಿ, ಬಂಗಾರಕ್ಕೆ ಪಾಲಿಶ್ ಹಾಕಿಕೊಡುತ್ತೇವೆಂದೋ ಮೀಟರ್ ನೋಡಬೇಕೆಂದೋ ಬರುವವರೊಡನೆ ಗ್ರಿಲ್ ಬಾಗಿಲು ತೆರೆಯದೆ ಮಾತಾಡುವ ರೂಢಿ ಬರಬೇಕು.

ಕಳವಾದ ಮೇಲೆ

ಮನೆಗೆ ಮರಳಿದಾಗ ಬಾಗಿಲು ಮುರಿದಿರುವುದು ಕಂಡರೆ ಒಳಗೆ ಹೋಗಬೇಡಿ, ಅವರು ಇನ್ನೂ ಒಳಗೇ ಇರಬಹುದು. ಹೊರಗೆ ನಿಂತು 112ಕ್ಕೆ ಕರೆ ಮಾಡಿ. ಬೀರು ಮುಟ್ಟಬೇಡಿ, ಚೆಲ್ಲಾಪಿಲ್ಲಿಯಾದ ಬಟ್ಟೆಗಳನ್ನು ಎತ್ತಿಡಬೇಡಿ, ನೆಲ ಗುಡಿಸಬೇಡಿ. ಬೆರಳಚ್ಚು ತಜ್ಞರು ಮತ್ತು ಶ್ವಾನದಳ ಬರುವ ಮುನ್ನ ನೋಡಲು ಬಂದ ಹತ್ತಾರು ಜನ ಒಳಗೆಲ್ಲ ಓಡಾಡಿದರೆ ಜಾಡು ಕೆಡುತ್ತದೆ. ದಾವಣಗೆರೆ ಪೊಲೀಸರ ಡಾಬರ್‌ಮನ್ ನಾಯಿ ತುಂಗಾ 2020ರಲ್ಲಿ ಸುಮಾರು 12 ಕಿ.ಮೀ. ದೂರ ವಾಸನೆ ಹಿಡಿದು ಓಡಿ ಕೊಲೆ ಪ್ರಕರಣವೊಂದರ ಆರೋಪಿಯವರೆಗೆ ಪೊಲೀಸರನ್ನು ಕರೆದೊಯ್ದಿತ್ತು. ಅಂಥ ಕೆಲಸ ಸಾಧ್ಯವಾಗಬೇಕಾದರೆ ಜಾಗ ಕೆಡದೆ ಉಳಿದಿರಬೇಕು.

ದೂರನ್ನು ಬರೆದೇ ಕೊಡಿ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು, ತನಿಖೆ ಮತ್ತು ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ದೂರುದಾರರ ಹಕ್ಕು. ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರನ್ನು ಸ್ವೀಕರಿಸಬೇಕೆಂದೂ ಅದೇ ಕಲಮು ಹೇಳುತ್ತದೆ. ವಸ್ತು ಕಳೆದುಹೋಗಿದೆ ಎಂಬ ಸ್ವೀಕೃತಿ ಪತ್ರ ಎಫ್‌ಐಆರ್‌ಗೆ ಬದಲಿಯಾಗುವುದಿಲ್ಲ, ವಿಮೆಗೂ ಅದು ನಡೆಯುವುದಿಲ್ಲ. ಹೋದ ವಸ್ತುಗಳ ಪಟ್ಟಿಯನ್ನು ಗಾಬರಿಯಲ್ಲಿ ಹೇಳಿ ಮುಗಿಸದೆ, ನೆನಪಾದಂತೆ ಸೇರಿಸಿ ಮರುದಿನ ಪೂರಕ ಹೇಳಿಕೆ ಕೊಡಬಹುದು, ಇಲ್ಲದ್ದನ್ನು ಸೇರಿಸಬೇಡಿ. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂದು ಅದೇ ಸಂಹಿತೆಯ 193ನೇ ಕಲಮಿನಲ್ಲಿದೆ, ಸೌಜನ್ಯದಿಂದ ಹೋಗಿ ಕೇಳಿ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯನ್ನು ಈ ಹೊತ್ತಿನಲ್ಲಿ ಯಾರಾದರೂ ನೆನಪಿಸಿದರೆ ಕಿವಿಗೊಡಬೇಡಿ. ಒಮ್ಮೆ ಕನ್ನ ಬಿದ್ದ ಮನೆಗೆ ಮತ್ತೊಮ್ಮೆ ಬೀಳುವ ಸಂಭವ ಹೆಚ್ಚು, ದಾರಿಯೂ ಒಳಗಿನ ವಿನ್ಯಾಸವೂ ಅವರಿಗೆ ಗೊತ್ತಾಗಿರುತ್ತದೆ. ಪಂಚನಾಮೆ ಮುಗಿದ ದಿನವೇ ಮುರಿದ ಕಡೆಯನ್ನು ಮೊದಲಿಗಿಂತ ಗಟ್ಟಿಯಾಗಿ ಸರಿಪಡಿಸಿ, ಎಲ್ಲ ಬೀಗಗಳನ್ನೂ ಬದಲಿಸಿ.

ಮಾಲು ಸಿಕ್ಕಿತೆಂದು ಠಾಣೆಯಿಂದ ಕರೆ ಬಂದಾಗ ಅದು ಅಂದೇ ಕೈಗೆ ಬರುವುದಿಲ್ಲ. ನ್ಯಾಯಾಲಯದ ಆದೇಶ ಬೇಕು. ವಿಚಾರಣೆ ಮುಗಿಯುವವರೆಗೂ ಕಾಯಬೇಕಾಗಿಲ್ಲ. ಒಡವೆಯಂಥ ವಸ್ತುಗಳ ಫೋಟೊ ತೆಗೆಸಿ, ಪಂಚನಾಮೆ ಮಾಡಿಸಿ, ಬಾಂಡು ಬರೆಸಿಕೊಂಡು ಬೇಗ ಮಾಲೀಕರಿಗೆ ಒಪ್ಪಿಸಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ರಸೀದಿ ಮತ್ತು ಫೋಟೊಗಳನ್ನು ಜೊತೆಗಿಡಿ. ಬಿಡಿಸಿಕೊಂಡ ಒಡವೆಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮಾರಬಾರದು, ಕರಗಿಸಿ ಬೇರೆ ಮಾಡಿಸಬಾರದು, ವಿಚಾರಣೆಯ ವೇಳೆ ಕೇಳಿದಾಗ ಹಾಗೆಯೇ ತಂದು ಹಾಜರುಪಡಿಸಬೇಕು.